ಕೆಂಗೇರಿ ಉಪನಗರದ ಮನೆ 12 ವರ್ಷದಲ್ಲಿ ಮೂರು ಸಲ ಮಾರಾಟವಾಗಿದೆ, ತಗೋಬಹುದಾ?

ಮೂರು ಸಲ ಮಾರಾಟ ಆಗಿದೆ ಅನ್ನೋ ಒಂದೇ ಕಾರಣಕ್ಕೆ ಆ ಮನೆ ಬಿಡಬೇಡಿ. ನಾನೂ ಇದೇ ಕಡೆ ಹಳೆ ಮನೆ ಕೊಂಡು ವಾಸವಾಗಿದ್ದೇನೆ. ವರ್ಗಾವಣೆ, ಮಕ್ಕಳ ಮದುವೆ, ಅಣ್ಣತಮ್ಮಂದಿರ ಪಾಲು ಅಂತ ಜನ ಮನೆ ಮಾರುತ್ತಲೇ ಇರುತ್ತಾರೆ. ಎಷ್ಟು ಸಲ ಅನ್ನೋದಕ್ಕಿಂತ ಯಾರಿಂದ ಯಾರಿಗೆ ಅನ್ನೋದನ್ನು ನೋಡಿ.

ಇಸಿಯಲ್ಲಿ (ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿ ಇರೋ ಋಣಭಾರ ಪ್ರಮಾಣಪತ್ರ) ಬರೆದುಕೊಟ್ಟವರು, ಬರೆಸಿಕೊಂಡವರು ಅಂತ ಇರುತ್ತಲ್ಲ, ಅದನ್ನು ಹಳೆಯದರಿಂದ ಹೊಸದಕ್ಕೆ ಓದಿಕೊಂಡು ಬನ್ನಿ. ಒಂದು ಕ್ರಯಪತ್ರದಲ್ಲಿ ಕೊಂಡವರೇ ಮುಂದಿನದರಲ್ಲಿ ಮಾರಿರಬೇಕು. ನಡುವೆ ಹೊಸ ಹೆಸರು ಬಂದರೆ ಅವರಿಗೆ ಹಕ್ಕು ಹೇಗೆ ಬಂತು ಅಂತ ಕೇಳಿ: ವಿಲ್ಲೋ, ದಾನಪತ್ರವೋ, ವಿಭಾಗ ಪತ್ರವೋ. ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಹೆಣ್ಣುಮಕ್ಕಳ ಸಹಿ ಇದೆಯಾ ಅಂತ ತಪ್ಪದೇ ನೋಡಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಅವರಿಗೂ ಸಮಪಾಲು. ಚಕ್ಕುಬಂದಿ, ಅಂದ್ರೆ ನಾಲ್ಕೂ ದಿಕ್ಕಿನ ಗಡಿ ವಿವರ, ಎಲ್ಲ ಪತ್ರಗಳಲ್ಲೂ ಒಂದೇ ಥರ ಇರಬೇಕು.

ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ ಸಿಗೋದು 2004ರ ಏಪ್ರಿಲ್‌ನಿಂದ ಈಚಿನದು ಮಾತ್ರ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೈಬರಹದ ಇಸಿ ತೆಗೆಸಿ. ಮೂಲಪತ್ರದವರೆಗೂ (ಆಸ್ತಿಯ ಮೊದಲ ಹಕ್ಕುಪತ್ರ) ಹೋಗಲೇಬೇಕು, ಇದರಲ್ಲಿ ರಾಜಿ ಬೇಡ. ಇನ್ನೊಂದು ವಿಷಯ ಏನಂದ್ರೆ, ನೋಂದಣಿ ಆಗದ ಅಗ್ರಿಮೆಂಟು, ವಿಲ್ಲು, ಕೋರ್ಟಿನಲ್ಲಿ ನಡೀತಿರೋ ಕೇಸು ಇವೆಲ್ಲ ಇಸಿಯಲ್ಲಿ ಕಾಣದೇ ಇರಬಹುದು. ಇಸಿ ಸ್ವಚ್ಛ ಇದೆ ಅಂತ ಬ್ರೋಕರ್ ಹೇಳಿದ ತಕ್ಷಣ ನಂಬಿ ಅಡ್ವಾನ್ಸ್ ಕೊಡಬೇಡಿ.

ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹಂಚಿದ ಸೈಟಾಗಿದ್ದರೆ ಇನ್ನೂ ಹುಷಾರು. ಹಂಚಿಕೆಯಾದವರಿಗೆ ಸಾಮಾನ್ಯವಾಗಿ ಮೊದಲ 10 ವರ್ಷ ಲೀಸ್ ಕಮ್ ಸೇಲ್ (ಮೊದಲು ಗುತ್ತಿಗೆ, ಆಮೇಲೆ ಮಾರಾಟ) ಪತ್ರ ಇರುತ್ತದೆ, ಆಮೇಲೆ ಶುದ್ಧ ಕ್ರಯಪತ್ರ. ಆ ಅವಧಿಯಲ್ಲೇ ಎಷ್ಟೋ ಜನ ಜಿಪಿಎ (ಬೇರೆಯವರಿಗೆ ಅಧಿಕಾರ ಕೊಡೋ ಪತ್ರ) ಮಾಡಿಕೊಟ್ಟು ದುಡ್ಡು ತಗೊಂಡಿದ್ದಾರೆ. ಬರೀ ಜಿಪಿಎ ಮೇಲೆ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಮಾರುವವರ ಹೆಸರಿನಲ್ಲೇ ಇದೆಯಾ ನೋಡಿ. ಹಿಂದಿನ ಸಾಲ ತೀರಿದ್ದರೆ ಬ್ಯಾಂಕಿನ ಋಣಮುಕ್ತ ಪತ್ರ ಕೇಳಿ ತಗೊಳ್ಳಿ.

ಹಳೇ ಕ್ರಯಪತ್ರದಲ್ಲಿರೋ ಬೆಲೆ ಇಟ್ಟುಕೊಂಡು ಚೌಕಾಸಿ ಮಾಡಬೇಡಿ. ಸರ್ಕಾರ ನಿಗದಿ ಮಾಡೋ ಮಾರ್ಗಸೂಚಿ ದರಕ್ಕೆ ಹತ್ತಿರದ ಮೊತ್ತ ಬರೆಸೋದು ಮಾಮೂಲಿ, ಅದು ನಿಜವಾದ ವ್ಯವಹಾರದ ಬೆಲೆ ಆಗಿರಬೇಕು ಅಂತೇನಿಲ್ಲ.

ಇನ್ನು ಏರಿಯಾ ಬಗ್ಗೆ ಹೇಳ್ತೀನಿ. ಓಡಾಟಕ್ಕೆ ಚಿಂತೆ ಇಲ್ಲ. 2021ರಲ್ಲಿ ನೇರಳೆ ಮಾರ್ಗದ ಮೆಟ್ರೋ ಕೆಂಗೇರಿಗೆ ಬಂತು, ಬಸ್ ನಿಲ್ದಾಣ, ರೈಲು ನಿಲ್ದಾಣ ಎರಡೂ ಇವೆ, ಮೈಸೂರಿಗೆ ಹೋಗಿಬರೋರಿಗಂತೂ ಇದಕ್ಕಿಂತ ಅನುಕೂಲದ ಜಾಗ ಕಡಿಮೆ. ಆದರೆ ಮಧ್ಯಾಹ್ನ ಒಂದು ಸಲ ಹೋಗಿ ಮನೆ ನೋಡಿ ಬಂದರೆ ಸಾಲದು. ಸಂಜೆ ಹೋಗಿ, ಮಳೆ ಬಂದ ದಿನವೂ ಹೋಗಿ. ಕೊಳಚೆ ಹರಿಯೋ ವೃಷಭಾವತಿ ನದಿ ಹತ್ತಿರದ ಬೀದಿಗಳಲ್ಲಿ ವಾಸನೆ ಬರುತ್ತದೆ, ಅದು ಆ ಮನೆಯವರೆಗೂ ಬರುತ್ತದಾ ಅಂತ ನೀವೇ ನಿಂತು ನೋಡಬೇಕು. ರಾಜಕಾಲುವೆ (ಮಳೆನೀರು ಹರಿಯೋ ದೊಡ್ಡ ಕಾಲುವೆ) ಎಷ್ಟು ದೂರ ಇದೆ ಅಂತಲೂ ನೋಡಿ.

ಕಾವೇರಿ ನೀರಿನ ವಿಷಯ ಮಾರುವವರನ್ನು ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಿ. ವಾರಕ್ಕೆ ಎಷ್ಟು ಸಲ ಬಿಡ್ತಾರೆ, ಸಂಪು ತುಂಬುತ್ತಾ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸ್ತಾರಾ ಅಂತ. ಮೂರು ಸಲ ಯಾಕೆ ಮಾರಿದ್ರು ಅನ್ನೋದೂ ಅವರಿಗೆ ಗೊತ್ತಿರುತ್ತದೆ, ಮಾತಿನ ಮಧ್ಯೆ ಕೇಳಿಬಿಡಿ.