ಅತ್ತೆ ಬ್ಯಾಡ ಅಂತಾರೆ, ಸ್ಕೂಲಿನೋರು ಸಹಿ ಕೇಳ್ತಾರೆ

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ನನ್ ಮಗಳು ಏಳನೇ ಕ್ಲಾಸು, ಹನ್ನೆರಡು ತುಂಬಿದೆ. ಸ್ಕೂಲಿಂದ ಒಂದು ಫಾರ್ಮ್ ಕೊಟ್ ಕಳ್ಸಿದಾರೆ, ಎಚ್‌ಪಿವಿ ಲಸಿಕೆಗೆ ಒಪ್ಪಿಗೆ ಇದ್ರೆ ಸಹಿ ಮಾಡಿ ಅಂತ, ಅಷ್ಟೇ, ಬೇರೆ ಒಂದ್ ಸಾಲೂ ಇಲ್ಲ. ನಮ್ಮತ್ತೆ ಅದು ಗರ್ಭಕೋಶದ ಸೂಜಿಯಂತೆ, ನಾಳೆ ಮಕ್ಕಳಾಗ್ಲಿಲ್ಲ ಅಂದ್ರೆ ಯಾರು ಹೊಣೆ ಅಂತಾರೆ. ನಮ್ಮನೆಯವ್ರು ನಮ್ ಹುಡುಗಿ ಅಂಥೋಳಲ್ಲ ಅವಳಿಗ್ಯಾಕೆ ಅಂತಾರೆ. ಫ್ಯಾಮಿಲಿ ಗ್ರೂಪಲ್ಲಿ ಆಂಧ್ರದಲ್ಲಿ ಹುಡುಗೀರು ಸತ್ತೋದ್ರು ಅಂತ ಮೆಸೇಜು. ಫಾರ್ಮು ಒಂದ್ ವಾರದಿಂದ ಟಿವಿ ಹಿಂದೆ ಸಿಕ್ಕಿಸಿಟ್ಟಿದೀನಿ. ಏನ್ ಮಾಡ್ಲಿ?
— ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಸಹಿ ಹಾಕಿ ತಾಯಿ. ಆದ್ರೆ ಟಿವಿ ಹಿಂದೆ ಇಟ್ಟಿದ್ದಕ್ಕೆ ನಿಮ್ಮನ್ನ ಬೈಯಲ್ಲ, ಒಂದ್ ಸಾಲೂ ವಿವರ ಇಲ್ದಿರೋ ಕಾಗದಕ್ಕೆ ಯಾವ ತಾಯಿ ತಾನೆ ಕಣ್ಮುಚ್ಚಿ ಸಹಿ ಹಾಕ್ತಾಳೆ?

ಅತ್ತೆ ಮಾತಿಂದ ಶುರು ಮಾಡೋಣ, ಯಾಕಂದ್ರೆ ತಪ್ಪು ಅವ್ರದಲ್ಲ, ನಮ್ದು. ಎಚ್‌ಪಿವಿ ಅನ್ನೋದು ಒಂದು ವೈರಸ್ಸು, ಗರ್ಭಕಂಠದ, ಅಂದ್ರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಅದರಿಂದಾನೇ ಬರೋದು. ನಾವು ಡಾಕ್ಟ್ರುಗಳೇ "ಗರ್ಭಕಂಠದ ಕ್ಯಾನ್ಸರ್ ಲಸಿಕೆ" ಅಂತ ಹೇಳ್ಕೊಂಡು ಬಂದ್ವಿ, ಕೇಳೋರ ಕಿವಿಗೆ ಬಿದ್ದಿದ್ದು "ಗರ್ಭ" ಮತ್ತೆ "ಸೂಜಿ" ಎರಡೇ ಮಾತು, ಉಳಿದಿದ್ದನ್ನ ಅವ್ರೇ ಜೋಡಿಸ್ಕೊಂಡ್ರು. ಈ ಸೂಜಿ ಹಾಕೋದು ತೋಳಿಗೆ, ಇದರಲ್ಲಿ ಜೀವಂತ ವೈರಸ್ ಇಲ್ಲವೇ ಇಲ್ಲ, ವೈರಸ್ಸಿನ ಹೊರಗಿನ ಪ್ರೋಟೀನ್ ಹೊದಿಕೆ ಮಾತ್ರ ಇರುತ್ತೆ. ಬೀಜ ತೆಗೆದ ಶೇಂಗಾ ಸಿಪ್ಪೆ ಇದ್ದಂಗೆ ಅನ್ಕೊಳ್ಳಿ, ಎಷ್ಟ್ ನೀರು ಹಾಕಿದ್ರೂ ಮೊಳಕೆ ಒಡೆಯೋಕೆ ಒಳಗೆ ಏನೂ ಇಲ್ಲ, ಆದ್ರೆ ಸಿಪ್ಪೆ ನೋಡಿದ ದೇಹ ಮುಂದೆ ನಿಜವಾದ ಕಾಯಿ ಬಂದಾಗ ಗುರುತು ಹಿಡಿಯುತ್ತೆ. ಬಸಿರಿಗೂ ಇದಕ್ಕೂ ಸಂಬಂಧ ಇಲ್ಲ. ನಿಜ ಹೇಳ್ಬೇಕಂದ್ರೆ ಆ ಕ್ಯಾನ್ಸರ್ ಬಂದ್ರೆ ಗರ್ಭಕೋಶ ತೆಗೆಯೋ ಪರಿಸ್ಥಿತಿ ಬರ್ಬಹುದು, ಅತ್ತೆಯವ್ರಿಗೆ ಇದನ್ನ ಹೇಳಿ.

ಇನ್ನು ನಿಮ್ಮನೆಯವ್ರ ಮಾತು. ಮಗಳ ಹಳೇ ತಾಯಿ ಕಾರ್ಡ್ ಇದ್ರೆ ತೆಗೀರಿ, ಹುಟ್ಟಿದ ಮಗೂಗೆ 24 ಗಂಟೆ ಒಳಗೆ ಕೊಡೋ ಹೆಪಟೈಟಿಸ್ ಬಿ ಲಸಿಕೆ ಅಂತ ಒಂದಿರುತ್ತೆ. ಹೆಪಟೈಟಿಸ್ ಬಿ ಹರಡೋ ದಾರಿಗಳಲ್ಲಿ ಗಂಡು ಹೆಣ್ಣಿನ ಸಂಬಂಧವೂ ಒಂದು, ಲಿವರ್ ಕ್ಯಾನ್ಸರೂ ತರುತ್ತೆ, ಆವತ್ತು ಯಾರಾದ್ರೂ ಈ ಕೂಸು ಅಂಥದ್ದಲ್ಲ ಸೂಜಿ ಬ್ಯಾಡ ಅಂದ್ರಾ? ಎಚ್‌ಪಿವಿನೂ ಗಂಡು ಹೆಣ್ಣಿನ ಸಂಬಂಧದಿಂದ ಹರಡುತ್ತೆ, ಆದ್ರೆ ಅದು ಬಹುತೇಕ ಎಲ್ಲರಿಗೂ ಜೀವನದಲ್ಲಿ ಒಂದಲ್ಲ ಒಂದ್ಸಲ ತಗಲೋ ವೈರಸ್ಸು, ಮದ್ವೆಯಾಗಿ ಒಬ್ಬನ ಜೊತೇನೇ ಬಾಳಿದವಳಿಗೂ ಬರ್ಬಹುದು. ನಿಮ್ ಹುಡುಗಿ ಒಳ್ಳೇಳೇ, ಒಪ್ಕೊಂಡೆ, ಹತ್ ವರ್ಷ ಆದ್ಮೇಲೆ ಬರೋ ಅಳಿಯ ಎಂಥೋನು ಅಂತ ಈಗ್ಲೇ ಗೊತ್ತಾ? ವೈರಸ್ ಒಳಗೆ ಬಂದ್ಮೇಲೆ ಈ ಲಸಿಕೆ ಅದನ್ನ ಓಡಿಸಲ್ಲ, ಅದಕ್ಕೇ 9ರಿಂದ 14 ವಯಸ್ಸಲ್ಲಿ ಕೊಡೋದು.

ಆಂಧ್ರದ ವಿಷ್ಯ ಸುಳ್ಳಲ್ಲ, ಅರ್ಧ. 2009–10ರಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲೂ ಗುಜರಾತಿನ ವಡೋದರಾದಲ್ಲೂ ಸಾವಿರಾರು ಹುಡುಗೀರಿಗೆ ಈ ಲಸಿಕೆ ಹಾಕಿದ್ರು, ಆ ಮೇಲೆ ಏಳು ಹುಡುಗೀರು ತೀರ್ಕೊಂಡ್ರು. ತನಿಖೆ ಮಾಡಿದ್ರೆ ಹಾವು ಕಚ್ಚಿದ್ದು, ನೀರಲ್ಲಿ ಮುಳುಗಿದ್ದು, ಕ್ರಿಮಿನಾಶಕ ಕುಡಿದಿದ್ದು, ಇಂಥವು ಸಿಕ್ಕಿದ್ವು, ಲಸಿಕೆಯಿಂದ ಅಂತ ಸಾಬೀತಾಗ್ಲಿಲ್ಲ. ಆದ್ರೆ ಅಲ್ಲಿ ಒಂದ್ ದೊಡ್ಡ ತಪ್ಪು ನಡೆದಿತ್ತು, ಹಾಸ್ಟೆಲ್ ಮಕ್ಕಳ ಒಪ್ಪಿಗೆ ಫಾರ್ಮಿಗೆ ಎಷ್ಟೋ ಕಡೆ ಅಪ್ಪ ಅಮ್ಮನ ಬದ್ಲು ವಾರ್ಡನ್‌ಗಳೇ ಸಹಿ ಹಾಕಿದ್ರು. ಅದರ ಏಟು ಇವತ್ತಿಗೂ ನಿಮ್ ಫ್ಯಾಮಿಲಿ ಗ್ರೂಪಲ್ಲಿ ಓಡಾಡ್ತಿದೆ ನೋಡಿ.

ತೋಳು ನೋಯುತ್ತೆ, ಸಣ್ಣ ಜ್ವರ ಬರ್ಬಹುದು. ಈ ವಯಸ್ಸಿನ ಕೆಲವು ಮಕ್ಕಳು ಸೂಜಿ ಕಂಡ್ರೇ ತಲೆ ಸುತ್ತಿ ಬೀಳ್ತಾರೆ, ಬೆಳಗ್ಗೆ ತಿಂಡಿ ತಿನ್ಸಿ ಕಳ್ಸಿ, ಹಾಕಿದ್ಮೇಲೆ ಹದಿನೈದು ನಿಮಿಷ ಕೂತ್ಕೊಂಡಿರ್ಲಿ. ಅಲರ್ಜಿ ಏನಾದ್ರೂ ಇದ್ರೆ ಮೊದ್ಲೇ ಹೇಳಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ ಮೇಡಂ. ಎಚ್‌ಪಿವಿ ಅಂದ್ರೆ ಈಗ ನಮ್ಮೂರಲ್ಲಿ ಹೆಸ್ರು ಕೇಳ್ದೋರು ಬಾಳ ಜನ ಅದಾರ್ರೀ, ಮೊಬೈಲಲ್ಲಿ ನೋಡ್ಯಾರ. ಮೀಟಿಂಗಲ್ಲಿ ತಲೆ ಆಡಿಸ್ತಾರ, ಆಮೇಲೆ ಒಬ್ರೂ ಮಗಳನ್ನ ಕರ್ಕೊಂಡ್ ಬರಲ್ಲ. ಗೊತ್ತಿದ್ರೂ ಯಾಕೆ ಹಿಂಗೆ?
— ಹೊಳಲ್ಕೆರೆ ತಾಲೂಕು, ಚಿತ್ರದುರ್ಗ

ಉತ್ತರ: ಹೆಸ್ರು ಗೊತ್ತಿರೋದು ಬೇರೆ, ವಿಷ್ಯ ಗೊತ್ತಿರೋದು ಬೇರೆ ಕಣಮ್ಮ. ನನ್ನ ಹತ್ರ ಬರೋ ಓದಿದ ಅಮ್ಮಂದಿರೇ ಎಚ್‌ಪಿವಿನೂ ಎಚ್‌ಐವಿನೂ ಕಲಸ್ತಾರೆ, ಕಲಸಿದ ತಕ್ಷಣ ದನಿ ಇಳಿಸ್ತಾರೆ. ನಾಚಿಕೆ, ಭಯ, ಖರ್ಚು ಮೂರೂ ಒಳಗೇ ಇರುತ್ತೆ, ಮೀಟಿಂಗಲ್ಲಿ ಬಾಯಿ ಬಿಡಲ್ಲ.

ಜಪಾನಿನೋರು ಓದು ಬರಹ ಇಲ್ದೋರಲ್ಲವಲ್ಲ, ಅಲ್ಲಿ 2013ರಲ್ಲಿ ಟಿವಿ ಪೇಪರಲ್ಲಿ ಅಡ್ಡಪರಿಣಾಮದ ಸುದ್ದಿ ಎದ್ದು, ಸರ್ಕಾರ ತಾನಾಗಿ ಶಿಫಾರಸು ಮಾಡೋದು ನಿಲ್ಲಿಸ್ತು, ಸುಮಾರು 70 ಪರ್ಸೆಂಟ್ ಇದ್ದ ಲಸಿಕೆ 1 ಪರ್ಸೆಂಟಿಗಿಂತ ಕೆಳಗೆ ಬಿತ್ತು, ಮತ್ತೆ ಶಿಫಾರಸು ಶುರುವಾಗಿದ್ದು 2022ಕ್ಕೆ. ನಮ್ಮ ಸಿಕ್ಕಿಂ ನೋಡಿ, 2018ರಲ್ಲಿ ಟೀಚರು, ಹೆಲ್ತ್ ಸ್ಟಾಫು, ಪತ್ರಕರ್ತರು ಎಲ್ರನ್ನೂ ಮೊದ್ಲು ಕೂರಿಸಿ ಮಾತಾಡಿ ಆಮೇಲೆ ಸ್ಕೂಲಲ್ಲಿ ಕೊಟ್ರು, 95 ಪರ್ಸೆಂಟಿಗಿಂತ ಜಾಸ್ತಿ ಹುಡುಗೀರಿಗೆ ಮುಟ್ತು. ಸೂಜಿ ಹೆಚ್ಚುಕಮ್ಮಿ ಅದೇ, ಮಾತು ಬೇರೆ.

ಹಂಗಾಗಿ ದೊಡ್ಡ ಮೀಟಿಂಗ್ ಬಿಟ್ಟು ನಾಲ್ಕೈದು ಮನೆ ಸೇರಿಸಿ ಕೂರಿ, ಅಜ್ಜೀರನ್ನೂ ಕರೀರಿ, ಮನೇಲಿ ಓಟು ಅವ್ರದ್ದೇ. ಮೊದ್ಲ ಮಾತು "ಕ್ಯಾನ್ಸರ್ ತಡೆಯೋ ಸೂಜಿ" ಅಂತಿರ್ಲಿ, ದೇಶದಲ್ಲಿ ಈ ಕ್ಯಾನ್ಸರಿಗೆ ವರ್ಷಕ್ಕೆ ಹತ್ರಹತ್ರ 80 ಸಾವಿರ ಹೆಣ್ಮಕ್ಕಳು ಸಾಯ್ತಾರೆ ಅನ್ನೋದನ್ನ ಆಮೇಲೆ ಹೇಳಿ, ಹೆದರಿಸಿದ್ರೆ ಬಾಗ್ಲು ಹಾಕ್ಕೊಳ್ತಾರೆ. ಖರ್ಚಿನ ಬಗ್ಗೆ ಮುಚ್ಚಿಡಬೇಡಿ, ನಮ್ಮ ದೇಶದ್ದೇ ಸರ್ವಾವ್ಯಾಕ್ ಅನ್ನೋ ಎಚ್‌ಪಿವಿ ಲಸಿಕೆ 2023ರಿಂದ ಸಿಗ್ತಿದೆ, ಖಾಸಗಿಯಾಗಿ ಒಂದ್ ಡೋಸಿಗೆ 2000 ರೂಪಾಯಿ ಆಸುಪಾಸು, ಕೂಲಿ ಮನೆಗೆ ಅದು ಸಣ್ಣ ಮಾತಲ್ಲ. ಸರ್ಕಾರದಿಂದ ಯಾವ ವಯಸ್ಸಿಗೆ ಉಚಿತ ಅನ್ನೋದನ್ನ ನಿಮ್ಮ ಪಿಎಚ್‌ಸಿ ಡಾಕ್ಟ್ರ ಹತ್ರ ಕೇಳ್ಕೊಂಡೇ ಹೋಗಿ, ಅಲ್ಲಿ ತಡವರಿಸಿದ್ರೆ ಮಾತು ಬಿದ್ದೋಗುತ್ತೆ. ನಿಮಗೆ ಆ ವಯಸ್ಸಿನ ಮಗಳಿದ್ರೆ, ಅವಳಿಗೆ ಹಾಕ್ಸಿದ್ದೀರಾ ಅಂತ ಮೊದ್ಲ ಐದ್ ನಿಮಿಷದಲ್ಲೇ ಕೇಳ್ತಾರೆ.

ಇನ್ನೊಂದು, ಮಾತು ಮುಗಿದು ಎದ್ದ ಮೇಲೆ ಬಾಗ್ಲ ಹತ್ರ ಒಬ್ರು ಮೆಲ್ಲಗೆ "ನಂಗೇ ಬಿಳಿಮುಟ್ಟು ಬಾಳ ಐತೆ" ಅಂತಾರೆ. ಅವ್ರನ್ನ ಬಿಡಬೇಡಿ. 30 ದಾಟಿದೋರಿಗೆ ಈ ಕ್ಯಾನ್ಸರಿನ ಮುನ್ಸೂಚನೆ ಇದೆಯಾ ಅಂತ ಗರ್ಭಕೋಶದ ಬಾಯಿಗೆ ವಿನಿಗರ್ ಥರದ ನೀರು ಹಚ್ಚಿ ನೋಡೋ ವಿಐಎ ಪರೀಕ್ಷೆ ಇದೆ, ನಿಮಿಷಗಳ ಕೆಲಸ, ಲಸಿಕೆ ತಗೊಂಡೋರಿಗೂ ಮುಂದೆ ತಪಾಸಣೆ ಬೇಕೇ. ಮಗಳ ಹೆಸ್ರು ಬರೆಯೋವಾಗ ಪಕ್ಕದಲ್ಲೇ ಅಮ್ಮನ ವಯಸ್ಸೂ ಬರ್ಕೊಳ್ಳಿ.