ಮನೆಗೇ ಬಂದು ಶೋಫಾರ್ ಊದಿದರೆ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ: ನಾನು ಉಡುಪಿ ಕಡೆಯವಳು. ಇಸ್ರೇಲಿನ ಹೈಫಾದಲ್ಲಿ ಯಹೂದಿ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅವರಿಗೆ ನಡೆಯಲು ಆಗುವುದಿಲ್ಲ, ಕಿವಿಯೂ ಸ್ವಲ್ಪ ಮಂದ. 2023ರ ಹೊಸ ವರ್ಷದ ಹಬ್ಬಕ್ಕೆ ಪಕ್ಕದ ಬೀದಿಯವರೊಬ್ಬರು ಮನೆಗೇ ಬಂದು ಶೋಫಾರ್, ಅಂದರೆ ಟಗರಿನ ಕೊಂಬು, ಊದಿ ಹೋದರು. ಆದರೆ ಬಂದದ್ದು ಎರಡನೇ ದಿನ. ಮೊದಲ ದಿನ ಮರೆತುಬಿಟ್ಟರಾ? ಸಿನಗಾಗ್‌ನ (ಯಹೂದಿಗಳ ಪ್ರಾರ್ಥನಾ ಮಂದಿರದ) ಪ್ರಾರ್ಥನೆ ಇಲ್ಲದೆ ಹೀಗೆ ಊದಿದರೆ ನಡೆಯುತ್ತದೆಯೇ? ಯಾರೂ ಸಿಗದಿದ್ದರೆ ನಾನೇ ಊದಬಹುದೇ, ಅಥವಾ ಫೋನ್‌ನಲ್ಲಿ ಕೇಳಿಸಬಹುದೇ?

ಉತ್ತರ: ಅವರು ಮರೆತಿಲ್ಲ, ಪಾಪ. 2023ರಲ್ಲಿ ರೋಶ್ ಹಶಾನಾದ, ಅಂದರೆ ಆ ಹೊಸ ವರ್ಷದ ಹಬ್ಬದ, ಮೊದಲ ದಿನ ಶನಿವಾರ, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬತ್. ಶಬ್ಬತ್ ದಿನ ಬೀದಿಯಲ್ಲಿ ವಸ್ತು ಹೊತ್ತುಕೊಂಡು ಹೋಗುವಂತಿಲ್ಲ. ಊದಲು ಬಾರದವನೊಬ್ಬ ಕಲಿಯುವ ಆತುರದಲ್ಲಿ ಕೊಂಬು ಹಿಡಿದು ಬಲ್ಲವರ ಮನೆಗೆ ಹೊರಟುಬಿಟ್ಟರೆ? ಈ ಒಂದು ಭಯಕ್ಕೆ ಹಿಂದಿನ ರಬ್ಬಿಗಳು (ಯಹೂದಿ ಧರ್ಮಗುರುಗಳು) ಶಬ್ಬತ್‌ನಂದು ಊದುವುದನ್ನೇ ನಿಲ್ಲಿಸಿದರು. ಅದು ಸಿನಗಾಗ್‌ಗೂ ಅನ್ವಯ. ಭಾನುವಾರ ಬರೀ ಹಬ್ಬ, ಕೊಂಬು ಹೊತ್ತು ತರಬಹುದು. ಹಾಗಾಗಿ ಅವತ್ತು ಬಂದರು. 2026ರಲ್ಲೂ ಹೀಗೇ: ಮೊದಲ ದಿನ ಸೆಪ್ಟೆಂಬರ್ 12, ಶನಿವಾರ. ಅವತ್ತು ಕಾಯಬೇಡಿ.

ಇನ್ನು ಮುಖ್ಯ ಪ್ರಶ್ನೆ. ಶೋಫಾರ್ ಊದುವ ಮುಂಚೆ ಹೇಳುವ ಮಂತ್ರವನ್ನು ಗಮನಿಸಿ. ‘ಶೋಫಾರ್‌ನ ದನಿ ಕೇಳಲು’ ನಮಗೆ ಆಜ್ಞೆಯಾಗಿದೆ ಎಂದೇ ಅದರಲ್ಲಿದೆ, ‘ಊದಲು’ ಎಂದಿಲ್ಲ. ಕರ್ತವ್ಯ ಇರುವುದು ಕಿವಿಗೆ. ಆದ್ದರಿಂದ ಸಿನಗಾಗ್ ಬೇಕು, ಹತ್ತು ಜನ ಸೇರಬೇಕು ಎಂಬ ಷರತ್ತಿಲ್ಲ. ಅಡುಗೆಮನೆ, ಆಸ್ಪತ್ರೆ ವಾರ್ಡು, ಎಲ್ಲಾದರೂ ಸರಿ. ಊದುವವರು ಬೆಳಿಗ್ಗೆಯೇ ಸಿನಗಾಗ್‌ನಲ್ಲಿ ಕೇಳಿ ಮುಗಿಸಿದ್ದರೂ ಇನ್ನೊಬ್ಬರಿಗಾಗಿ ಮತ್ತೆ ಊದಬಹುದು. 2020ರಲ್ಲಿ ಕೊರೊನಾ ಇದ್ದಾಗ ಎಷ್ಟೋ ಊರುಗಳಲ್ಲಿ ಬೀದಿ ಮೂಲೆಯಲ್ಲಿ, ಪಾರ್ಕಿನಲ್ಲಿ ನಿಂತು ಊದಿದ್ದು ಇದೇ ಲೆಕ್ಕದ ಮೇಲೆ.

ಆದರೆ ಕಿವಿಗೆ ಬಿದ್ದರೆ ಸಾಲದು, ಮನಸ್ಸೂ ಬೇಕು. ಯಹೂದಿ ಧರ್ಮನಿಯಮಗಳ ಸುಮಾರು 1,800 ವರ್ಷ ಹಳೆಯ ಮಿಶ್ನಾ ಗ್ರಂಥದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಒಬ್ಬ ಸಿನಗಾಗ್‌ನ ಹಿಂದಿನಿಂದ ನಡೆದು ಹೋಗುತ್ತಿದ್ದಾನೆ, ಅಥವಾ ಅವನ ಮನೆ ಪಕ್ಕದಲ್ಲೇ ಇದೆ. ಶೋಫಾರ್ ಕೇಳಿಸಿತು. ಮನಸ್ಸಿಟ್ಟು ಕೇಳಿದರೆ ಕರ್ತವ್ಯ ಮುಗಿಯಿತು, ಸುಮ್ನೆ ಕಿವಿಗೆ ಬಿದ್ದಿದ್ದರೆ ಇಲ್ಲ. ಇಬ್ಬರೂ ಕೇಳಿದ್ದು ಒಂದೇ ದನಿ!

ಅದೇ ಗ್ರಂಥ ಇನ್ನೊಂದು ಮಾತು ಹೇಳುತ್ತದೆ. ಗುಂಡಿಯಲ್ಲೋ ಹೂಳಿಟ್ಟ ಹಂಡೆಯಲ್ಲೋ ಊದಿದಾಗ ಶೋಫಾರ್‌ನ ದನಿ ಕೇಳಿದರೆ ಸರಿ, ಪ್ರತಿಧ್ವನಿ ಕೇಳಿದರೆ ಆಗದು. ಫೋನ್, ರೆಕಾರ್ಡಿಂಗ್ ಬಗ್ಗೆ ಹೆಚ್ಚಿನ ರಬ್ಬಿಗಳು ಬೇಡ ಎನ್ನುವಾಗ ಈ ಮಾತನ್ನೇ ನೆನೆಯುತ್ತಾರೆ. ಸಂಪ್ರದಾಯಸ್ಥರ ಮನೆಯಲ್ಲಿ ಹಬ್ಬದ ದಿನ ಫೋನ್ ಮುಟ್ಟುವುದೂ ಇಲ್ಲ ಅಲ್ವಾ? ಕಿವಿಯ ಮೆಷಿನ್ ಬಗ್ಗೆ ಮಾತ್ರ ರಬ್ಬಿಗಳಲ್ಲಿ ಒಮ್ಮತವಿಲ್ಲ. ಊದುವವರನ್ನು ಅಜ್ಜಿಯ ಹತ್ತಿರವೇ ನಿಲ್ಲಿಸುವುದು ಸುಲಭದ ದಾರಿ.

ನೀವು ಊದಬಹುದೇ? ಊದಿದರೆ ತಪ್ಪೇನಿಲ್ಲ, ಆದರೆ ಅಜ್ಜಿಯ ಕರ್ತವ್ಯ ಅದರಿಂದ ತೀರುವುದಿಲ್ಲ. ಆ ಆಜ್ಞೆ ಯಾರ ಮೇಲಿದೆಯೋ ಅವರೇ ಇನ್ನೊಬ್ಬರ ಪರವಾಗಿ ಊದಬೇಕು. ಯಹೂದಿಗಳೇ ಆದರೂ ಚಿಕ್ಕ ಹುಡುಗ ದೊಡ್ಡವರಿಗಾಗಿ ಊದುವಂತಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಮನೆಯಲ್ಲಿ 30 ಸಲ ಊದಿದರೆ ಸಾಕು. ಸಿನಗಾಗ್‌ನಲ್ಲಿ 100 ಊದುವುದು ರೂಢಿ. ತೆಕಿಯಾ ಎಂದರೆ ಉದ್ದದ ಒಂದೇ ದನಿ. ಶೆವಾರಿಮ್ ಮೂರು ನರಳಾಟ. ತೆರುಆ ಬಿಕ್ಕಿ ಬಿಕ್ಕಿ ಅತ್ತ ಹಾಗೆ. ಬೈಬಲ್ ಹೇಳುವ ತೆರುಆ ನರಳಾಟವೋ ಬಿಕ್ಕೋ ಎಂಬ ಅನುಮಾನ ಬಂದು, ಎರಡನ್ನೂ ಬೇರೆ ಬೇರೆಯಾಗಿ, ಮತ್ತೆ ಸೇರಿಸಿಯೂ ಊದುವ ಪದ್ಧತಿ ಬಂತು. ಈ ಚರ್ಚೆಯಲ್ಲಿ ತಾಲ್ಮುಡ್ (ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥ) ಯಾರ ಅಳುವನ್ನು ನೆನೆಯುತ್ತದೆ ಗೊತ್ತಾ? ಯುದ್ಧಕ್ಕೆ ಹೋದ ಮಗನ ದಾರಿ ನೋಡುತ್ತಾ ಕಿಟಕಿಯಲ್ಲಿ ನಿಂತ ಸಿಸೆರನ ತಾಯಿಯದು. ಸಿಸೆರ ಯಹೂದಿಗಳ ಶತ್ರು ಸೇನಾಪತಿ. ನನಗೆ ಇದು ಪ್ರತಿ ಸಲವೂ ಆಶ್ಚರ್ಯ.

ಸಮಯ ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮುಂಚೆ. ಮಂತ್ರ ಹೇಳಿದಲ್ಲಿಂದ ಕೊನೆಯ ದನಿಯವರೆಗೆ ಮಾತು ಬೇಡ. ನಡುವೆ ಅಜ್ಜಿಗೆ ನೀರು ಬೇಕಾ ಎಂದೂ ಕೇಳಬೇಡಿ, ಅವರು ಉತ್ತರಿಸಿಬಿಟ್ಟಾರು! ಕೂತೇ ಕೇಳಲಿ, ಅಡ್ಡಿಯಿಲ್ಲ. ಹೆಂಗಸರಿಗೆ ಇದು ಮೂಲದಲ್ಲಿ ಕಡ್ಡಾಯವಲ್ಲ, ಅವರೇ ರೂಢಿ ಮಾಡಿಕೊಂಡದ್ದು. ಹಾಗಾಗಿ ಅಷ್ಕೆನಾಜಿ (ಯುರೋಪಿನ ಮಧ್ಯ, ಪೂರ್ವ ಭಾಗದ ಮೂಲದ) ಮನೆತನವಾದರೆ ಅಜ್ಜಿ ತಾವೇ ಮಂತ್ರ ಹೇಳುತ್ತಾರೆ. ಸೆಫಾರ್ದಿ (ಸ್ಪೇನ್, ಪೋರ್ಚುಗಲ್ ಮೂಲದ ಸಂಪ್ರದಾಯದ) ಹೆಂಗಸರು ಸಾಮಾನ್ಯವಾಗಿ ಹೇಳದೆ ಕೇಳುತ್ತಾರೆ. ಅವರ ಮನೆಯ ರೂಢಿ ಕೇಳಿಕೊಳ್ಳಿ.

ಹಬ್ಬದ ಹಿಂದಿನ ಎಲುಲ್ ತಿಂಗಳಲ್ಲೂ ಬೆಳಗಿನ ಹೊತ್ತು ಶೋಫಾರ್ ಕೇಳಿಸುತ್ತದೆ. ಅದು ಬರೀ ರೂಢಿ, ಅದರಿಂದ ಹಬ್ಬದ ಕರ್ತವ್ಯ ಮುಗಿಯುವುದಿಲ್ಲ. ಆದರೆ ನಿಮಗೆ ಅದೇ ಅಲಾರಂ. ಕೇಳಿದ ವಾರದಲ್ಲೇ ಹತ್ತಿರದ ಸಿನಗಾಗ್‌ಗೆ ಫೋನ್ ಮಾಡಿ ಅಜ್ಜಿಯ ವಿಳಾಸ ಕೊಟ್ಟಿಡಿ. ಹಬ್ಬದ ದಿನ ಮಾಡಿದರೆ ಆ ಕಡೆ ಯಾರೂ ಎತ್ತುವುದಿಲ್ಲ.