ಉಪ್ಪಿಲ್ಲದ ಊಟ, ಲಿಥಿಯಂ ಮಾತ್ರೆ

ಪ್ರಶ್ನೆ: ಮಗನಿಗೆ 24 ವರ್ಷ. ಎರಡು ವರ್ಷದ ಹಿಂದೆ ಬೈಪೋಲಾರ್ ಕಾಯಿಲೆ (ಮನಸ್ಸು ಮಿತಿಮೀರಿ ಏರುವ ಉನ್ಮಾದ, ಕುಗ್ಗುವ ಖಿನ್ನತೆ ಬಂದುಹೋಗುವುದು) ಎಂದರು. ಲಿಥಿಯಂ ಮಾತ್ರೆಯಿಂದ ಸುಧಾರಿಸಿ ಕೆಲಸಕ್ಕೆ ಹೋಗುತ್ತಿದ್ದಾನೆ. ನೆಂಟರೊಬ್ಬರು ಉಪ್ಪಿಲ್ಲದ ಹಸಿ ಆಹಾರ, ಅಶ್ವಗಂಧ ಪುಡಿ ಕೊಡಿ, ಕಾಫಿ ನಿಲ್ಲಿಸಿ, ಮೂರು ತಿಂಗಳಲ್ಲಿ ಮಾತ್ರೆ ಬಿಡಿಸಬಹುದು ಎಂದರು. ಹತ್ತು ದಿನವಾಯಿತು. ಈಗ ಕೈನಡುಕ ಜಾಸ್ತಿ, ಹೊಟ್ಟೆ ತೊಳಸುತ್ತದೆ ಅನ್ನುತ್ತಾನೆ. ವಿಷ ಹೊರಗೆ ಹೋಗುತ್ತಿದೆ ಎನ್ನುತ್ತಾರೆ ಅವರು. ಮುಂದುವರಿಸಲೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಬೇಡಮ್ಮ. ಪತ್ರ ಓದಿದ ಕೂಡಲೇ ನಿಮಗೆ ಫೋನ್ ಮಾಡಿ, ಇವತ್ತೇ ಆಸ್ಪತ್ರೆಗೆ ಹೋಗಿ ಎಂದಿದ್ದೆ. ಇಲ್ಲಿ ಬರೆಯುತ್ತಿರುವುದು ಇದೇ ದಾರಿ ಹಿಡಿದಿರುವ ಬೇರೆ ಮನೆಗಳಿಗಾಗಿ.

ಲಿಥಿಯಂ ಕೂಡ ಒಂದು ಬಗೆಯ ಉಪ್ಪೇ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದಕ್ಕೆ ಇದು ಕೆಲಸ ಮಾಡುತ್ತದೆ ಎಂದು ತೋರಿಸಿದರು. ನಮ್ಮ ಮೂತ್ರಪಿಂಡ ಅಡುಗೆ ಉಪ್ಪಿನ ಸೋಡಿಯಂ ಮತ್ತು ಲಿಥಿಯಂ ಎರಡನ್ನೂ ಹೆಚ್ಚುಕಡಿಮೆ ಒಂದೇ ತರಹ ನೋಡುತ್ತದೆ. ಊಟದಲ್ಲಿ ಉಪ್ಪು ಕಡಿಮೆಯಾದರೆ ಸೋಡಿಯಂ ಹಿಡಿದಿಟ್ಟುಕೊಳ್ಳಲು ಹೋಗಿ ಲಿಥಿಯಂ ಅನ್ನೂ ಹಿಡಿದುಕೊಳ್ಳುತ್ತದೆ. ಮಾತ್ರೆ ಅಷ್ಟೇ ಇದ್ದರೂ ರಕ್ತದಲ್ಲಿ ಅದು ಏರುತ್ತಾ ಹೋಗುತ್ತದೆ. ಕಾಫಿ ಲಿಥಿಯಂ ಅನ್ನು ಸ್ವಲ್ಪ ಹೊರಹಾಕುತ್ತಿರುತ್ತದೆ. ದಿನಾ ಮೂರು ಲೋಟ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ಅದರಿಂದಲೂ ಮಟ್ಟ ಏರಬಹುದು. ನಿಮ್ಮ ಮನೆಯಲ್ಲಿ ಎರಡೂ ಒಟ್ಟಿಗೆ ಆಗಿದೆ.

ಈ ಔಷಧಿಯ ಅಳತೆ ತುಂಬಾ ಬಿಗಿ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಸಾಮಾನ್ಯವಾಗಿ ಸರಿ. 1.5 ದಾಟಿದರೆ ವಿಷದ ಲಕ್ಷಣ ಶುರುವಾಗುತ್ತದೆ: ಜೋರು ನಡುಕ, ವಾಂತಿ, ಭೇದಿ, ನಡೆಯುವಾಗ ತೂರಾಟ, ನಾಲಿಗೆ ತೊದಲುವುದು. ನೆಂಟರು ಹೇಳಿದ ಹಾಗೆ ವಿಷ ಹೊರಗೆ ಹೋಗುತ್ತಿರಲಿಲ್ಲ, ಒಳಗೇ ಸೇರಿಕೊಳ್ಳುತ್ತಿತ್ತು.

ನನ್ನ ಚಿಕ್ಕಮ್ಮನಿಗೂ ಇದೇ ಕಾಯಿಲೆ ಇತ್ತು, ಲಿಥಿಯಂ ತೆಗೆದುಕೊಳ್ಳುತ್ತಿದ್ದರು. ಒಂದು ಬೇಸಿಗೆ, ಹಿರಿಯೂರಿನ ಬಿಸಿಲು. ಏಕಾದಶಿಗೆ ನೀರೂ ಮುಟ್ಟದೆ ಉಪವಾಸ ಮಾಡಿದರು. ಮಂಡಿನೋವಿಗೆ ವಾರದಿಂದ ನೋವಿನ ಮಾತ್ರೆ ಬೇರೆ ನುಂಗುತ್ತಿದ್ದರು. ದ್ವಾದಶಿ ಬೆಳಿಗ್ಗೆ ಗೋಡೆ ಹಿಡಿದು ನಡೆದರು, ಮಾತು ದಪ್ಪಗಾಗಿತ್ತು. ಉಪವಾಸದ ನಿತ್ರಾಣ ಅಂದುಕೊಂಡು ಪಾನಕ ಮಾಡಿಕೊಟ್ಟು ಮಲಗಿಸಿದೆವು. ಸಂಜೆ ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕಾಯಿತು. ಬದುಕಿದರು. ಆದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ಮಾತ್ರೆಗಳು ಲಿಥಿಯಂ ಏರಿಸುತ್ತವೆ ಎನ್ನುವುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಆಹಾರತಜ್ಞೆಯಾಗಿ ಮನೋರೋಗದ ವಾರ್ಡಿಗೇ ಬಂದು ನಿಂತದ್ದು ಆ ದಿನದಿಂದಾಗಿ.

ಹಾಗಾದರೆ ಊಟ ಹೇಗಿರಬೇಕು? ಮುದ್ದೆ, ಸಾರು, ಸೊಪ್ಪು, ಮಜ್ಜಿಗೆ, ಮನೆಯಲ್ಲಿ ಮಾಡುವುದೇ ಸಾಕು. ಉಪ್ಪು ದಿನಾ ಒಂದೇ ಹದದಲ್ಲಿರಲಿ. ಒಮ್ಮೆಲೇ ಜಾಸ್ತಿಯಾದರೆ ಲಿಥಿಯಂ ಇಳಿದು ಕಾಯಿಲೆ ಮರಳಬಹುದು. ನೀರು ಚೆನ್ನಾಗಿ ಕುಡಿಯಲಿ. ವಾಂತಿ, ಭೇದಿ, ಜ್ವರ ಬಂದ ದಿನವೇ ವೈದ್ಯರಿಗೆ ಫೋನ್ ಮಾಡಿ.

ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಳಿಸಬಲ್ಲದು, ಲಿಥಿಯಂ ಕೂಡ ಥೈರಾಯ್ಡನ್ನು ಮುಟ್ಟುತ್ತದೆ. ಎರಡನ್ನೂ ವೈದ್ಯರಿಗೆ ಹೇಳದೆ ಕೂಡಿಸಬೇಡಿ. ಗಿಡಮೂಲಿಕೆ ಅಂದರೆ ಶಕ್ತಿ ಇಲ್ಲದ್ದು ಅಂತ ನಾನು ಹೇಳುವುದಿಲ್ಲ. ನಮ್ಮ ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಆಗುತ್ತದೆ ಎಂದು ವೈದ್ಯರಾದ ಗಣನಾಥ ಸೇನ್, ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಅದರಿಂದ ತೆಗೆದ ರಿಸರ್ಪಿನ್ ಎಂಬ ಔಷಧಿ ಮುಂದೆ ಪ್ರಪಂಚದಾದ್ಯಂತ ಬಳಕೆಗೆ ಬಂತು. ಅದನ್ನು ತೆಗೆದುಕೊಂಡ ಕೆಲವರು ಆಳವಾದ ಖಿನ್ನತೆಗೆ ಜಾರಿದ್ದೂ ಉಂಟು. ಬೇರಿಗೆ ಅಷ್ಟು ಶಕ್ತಿ ಇರುವುದರಿಂದಲೇ ಸುಮ್ನೆ ಪುಡಿ ಮಾಡಿ ಕೊಡಬಾರದು ಅನ್ನುವುದು.

ಮಾತ್ರೆ ಬಿಡುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಲಿಥಿಯಂ ಥಟ್ಟನೆ ನಿಲ್ಲಿಸಿದವರಲ್ಲಿ ಉನ್ಮಾದ ಬೇಗ ಮರಳುತ್ತದೆ. ಕಡಿಮೆ ಮಾಡುವುದಿದ್ದರೆ ವೈದ್ಯರೇ ನಿಧಾನಕ್ಕೆ ಮಾಡಲಿ. ರಕ್ತ ಪರೀಕ್ಷೆಗೆ ಹೋಗುವಾಗ ಹಿಂದಿನ ಮಾತ್ರೆ ನುಂಗಿ 12 ಗಂಟೆ ಆಗಿರಬೇಕು, ಇದನ್ನು ಮಗನಿಗೆ ಹೇಳಿ.

ಪ್ರಶ್ನೆ: ಬೈಪೋಲಾರ್‌ಗೆ ಮೀನೆಣ್ಣೆ ಒಳ್ಳೆಯದು ಅಂತಾರೆ, ನಿಜವೇ?
– ಓದುಗ, ಕುಂದಾಪುರ

ಉತ್ತರ: ಮೀನೆಣ್ಣೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬಿನಿಂದ ಖಿನ್ನತೆಯ ಕಾಲದಲ್ಲಿ ಸ್ವಲ್ಪ ಅನುಕೂಲ ಕಂಡಿದೆ. ಉನ್ಮಾದಕ್ಕೆ ಆಗುವುದಿಲ್ಲ. ನೀವಿರುವ ಊರಲ್ಲಿ ಬಂಗುಡೆ, ಭೂತಾಯಿ ಸಿಗುತ್ತದೆ ಅಲ್ವಾ? ವಾರಕ್ಕೆ ಎರಡು ಸಲ ಸಾರು ಮಾಡಿ ತಿನ್ನಿ, ಮಾತ್ರೆಯ ಜೊತೆಗೆ. ಸಸ್ಯಾಹಾರಿಗಳು ಅಗಸೆ ಚಟ್ನಿಪುಡಿ ತಿನ್ನಬಹುದು, ಆದರೆ ಅದರ ಒಮೆಗಾ-3 ದೇಹದಲ್ಲಿ ಮೀನಿನದರ ರೂಪಕ್ಕೆ ಬದಲಾಗುವುದು ತೀರಾ ಕಡಿಮೆ.

ಪ್ರಶ್ನೆ: ತಂಗಿಗೆ ಈ ಕಾಯಿಲೆ ಇದೆ. ಶಿವರಾತ್ರಿ ಜಾಗರಣೆ ಮಾಡುತ್ತೇನೆ ಅಂತ ಹಟ ಮಾಡುತ್ತಾಳೆ.
– ಅಕ್ಕ, ತುಮಕೂರು

ಉತ್ತರ: ನಿದ್ದೆ ಕೆಟ್ಟ ಒಂದೇ ರಾತ್ರಿ ಉನ್ಮಾದ ಹೊತ್ತಿಸಬಲ್ಲದು. ಯಾವ ಪಥ್ಯಕ್ಕಿಂತಲೂ ನಾನು ನಿದ್ದೆಗೇ ಜಾಸ್ತಿ ಒತ್ತು ಕೊಡುತ್ತೇನೆ. ಸಂಜೆಯ ಪೂಜೆಗೆ ಕರೆದುಕೊಂಡು ಹೋಗಿ, ಹಣ್ಣು, ಮಜ್ಜಿಗೆ ಕೊಡಿ, ಮಾತ್ರೆ ತಪ್ಪಿಸಬೇಡಿ, ಹತ್ತಕ್ಕೆ ಮಲಗಿಸಿ. ಆಗಲೇ ನಿದ್ದೆ ಕಡಿಮೆಯಾಗಿ ಮಾತು ಜಾಸ್ತಿಯಾಗಿದ್ದರೆ ಅವಳ ವೈದ್ಯರಿಗೆ ತಿಳಿಸಿ. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅಭಿಷೇಕ ನೋಡಲು ಬೆಳಿಗ್ಗೆ ಆರಕ್ಕೆ ಎಬ್ಬಿಸುತ್ತೇನೆ ಎಂದು ಅವಳಿಗೆ ಮಾತು ಕೊಡಿ, ಮರೆಯದೆ ಎಬ್ಬಿಸಿ.